ಎಡಗಡೆಯ ಮುಂದಿನ ಚಕ್ರ

ಕಾರು ನಡುರಸ್ತೆಯಲ್ಲಿ ಕೆಟ್ಟು ನಿಂತ ದಿನ ಗಂಡ ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡಿದ್ದು ಟೈಲರಮ್ಮನ ಕಣ್ಣಿಗೆ ಕಟ್ಟಿದಂತಿತ್ತು. ಬಾವಿಗೆ ಕೊಡ ಬಿಟ್ಟುಕೊಂಡವರು ದಂಡೆಯ ಮೇಲೆ ನಿಂತು ನೋಡುತ್ತಾರಲ್ಲ, ಹಾಗೆ ನೋಡಿದ. ಹಿಂದಿನವರು ಹಾರ್ನು ಹೊಡೆದಾಗಲೆಲ್ಲ ಒಂದೊಂದು ವಯರನ್ನು ಮುಟ್ಟುವುದು, ಕೈ ಹಿಂದಕ್ಕೆ ತೆಗೆಯುವುದು. ಕೊನೆಗೆ ಮಲಗಿದ ಕೂಸಿಗೆ ಹೊದಿಕೆ ಹೊದಿಸುವಷ್ಟು ಮೆಲ್ಲಗೆ ಬಾನೆಟ್ ಮುಚ್ಚಿ, ಒಳಗೆಲ್ಲ ಸರಿಯಾಗಿಯೇ ಇದೆ ಎಂದ. ಪಕ್ಕದ ಸೀಟಿನಲ್ಲಿದ್ದ ಅತ್ತೆ, "ಎಲ್ಲ ಸರಿಯಾಗಿದ್ರೆ ಹೊರಡು ಮತ್ತೆ," ಎಂದರು.

ಆಮೇಲೆ ಬಂದ ಮೆಕ್ಯಾನಿಕ್ ಬ್ಯಾಟರಿಯ ಮೇಲೆ ಸಡಿಲವಾಗಿದ್ದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಒಂದು ಸುತ್ತು ತಿರುಗಿಸಿ, ಹೋಗೇಬಿಟ್ಟ. ಅಷ್ಟೇನಾ ಎಂದುಕೊಂಡಳು ಟೈಲರಮ್ಮ. ಗುಂಡಿ ಕಿತ್ತುಬಂದ ಅಂಗಿ ಹಿಡಿದುಕೊಂಡು ಬೀದಿಯಲ್ಲಿ ಕಣ್ಣೀರಿಟ್ಟ ಹಾಗಾಯಿತಲ್ಲ ತಮ್ಮ ಕತೆ ಎಂದು ಅವಳಿಗೆ ನಾಚಿಕೆಯಾಯಿತು. ಅದೇ ವಾರ ಮಗಳ ಶಾಲೆಯ ಗೇಟಿಗೆ ಯಾರೋ ಹಾಳೆ ಅಂಟಿಸಿದ್ದರು: ನಿಮ್ಮ ಕಾರನ್ನು ನೀವೇ ನೋಡಿಕೊಳ್ಳಿ, ಸಂಜೆ ತರಗತಿ, ಶಾಲೆಯ ಹಿಂದಿನ ಶೆಡ್ಡಿನಲ್ಲಿ. ಮಗಳ ಕೈ ಹಿಡಿದುಕೊಂಡೇ ಒಳಗೆ ಹೋಗಿ ಹೆಸರು ಬರೆಸಿ ಬಂದಳು.

ಮನೆಯಲ್ಲಿ ಗಂಡ, ನೀರು ಸರಬರಾಜು ಕಚೇರಿಯ ಗುಮಾಸ್ತ, ಬೇಡವೆನ್ನಲಿಲ್ಲ. ಯಾವುದನ್ನೂ ಬೇಡವೆನ್ನುವ ಜಾಯಮಾನವೇ ಅವನದಲ್ಲ. ಅತ್ತೆ ಮಾತ್ರ ತರಕಾರಿ ಹೆಚ್ಚುತ್ತ, ಯಾರಿಗೂ ಹೇಳದವರಂತೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಸೂಜಿ ಹಿಡಿಯೋ ಕೈ ಸ್ಪ್ಯಾನರ್ ಹಿಡಿಯುತ್ತಂತೆ. ನೋಡ್ತಾ ಇರಿ, ಕಾರಿಗೂ ಎರಡು ಜೇಬು ಇಟ್ಟು ಹೊಲೀತಾಳೆ." ಮಗಳು ಕಿಸಕ್ಕನೆ ನಕ್ಕಳು. ಟೈಲರಮ್ಮ ಕೇಳಿಸದವಳಂತೆ ಎದ್ದು ಹೋದಳು. ಅತ್ತೆಯ ಮನಸ್ಸು ಕೆಟ್ಟದ್ದಲ್ಲ, ನಾಲಿಗೆಗೆ ಮಾತ್ರ ಕತ್ತರಿಯ ಹರಿತ. ಕತ್ತರಿಯೊಡನೆ ಬದುಕುವುದು ಟೈಲರಮ್ಮನಿಗೆ ಹೊಸದೇನಲ್ಲ.

ತರಗತಿ ನಡೆಸುತ್ತಿದ್ದವಳು ಟೈರು ಅಂಗಡಿಯ ಒಡತಿ. ಎಲ್ಲರೂ ಅವಳನ್ನು ಟೈರಕ್ಕ ಎನ್ನುತ್ತಿದ್ದರು. ಕಂಬದಂಥ ಆಳು, ಗಂಟಲೂ ಅಷ್ಟೇ. ಅವಳ ಪಾಠವೆಂದರೆ ಬಾಯಿಪಾಠ. ಮಗ್ಗಿ ಹೇಳಿಸಿದಂತೆ ಎಲ್ಲವನ್ನೂ ಹಾಡಿ ಹೇಳಿಸುತ್ತಿದ್ದಳು. ಕೈ ಮರೆತರೂ ಬಾಯಿ ಮರೆಯಬಾರದು ಎನ್ನುವುದು ಅವಳ ನಂಬಿಕೆ. ಎಣ್ಣೆ ನೋಡುವುದಕ್ಕೊಂದು ಸಾಲು, ರೇಡಿಯೇಟರಿನ ಮುಚ್ಚಳ ತೆರೆಯುವುದಕ್ಕೊಂದು ಸಾಲು. ಚಕ್ರ ಕೂರಿಸುವ ಪಾಠಕ್ಕೆ ಬಂದಾಗ ಹೇಳಿಸಿದ್ದು ಹೀಗೆ: ಮೇಲಿದ್ದಾಗ ಕೈಬಿಗಿ, ಕೆಳಗಿಳಿದಾಗ ಮೈಬಿಗಿ. ಜಾಕಿನ ಮೇಲೆ ಚಕ್ರ ಗಾಳಿಯಲ್ಲಿರುವಾಗ ನಟ್ಟುಗಳನ್ನು ಕೈಗೆ ಹತ್ತುವಷ್ಟು ಮಾತ್ರ ಬಿಗಿಮಾಡಬೇಕು, ಒಂದಾದ ಮೇಲೆ ಅದರ ಎದುರಿನದು. ಚಕ್ರ ನೆಲ ಮುಟ್ಟಿದ ಮೇಲೆ ಮೈಭಾರವೆಲ್ಲ ಸ್ಪ್ಯಾನರಿನ ಮೇಲೆ ಹಾಕಿ ಪೂರ್ತಿ ಬಿಗಿಮಾಡಬೇಕು. ಆಗಲೇ ಚಕ್ರ ನೆಟ್ಟಗೆ ಕೂರುವುದು.

ಟೈಲರಮ್ಮನಿಗೆ ಅರಿವಿಲ್ಲದೆಯೇ ನಗು ಬಂತು. ಇದು ತನ್ನ ಕಸುಬೇ. ತೋಳನ್ನು ಭುಜಕ್ಕೆ ಕೂಡಿಸುವ ಮುಂಚೆ ಉದ್ದುದ್ದ ಹೊಲಿಗೆ ಹಾಕಿ ನಿಲ್ಲಿಸಿಕೊಳ್ಳುತ್ತಾರಲ್ಲ, ಆ ಕಚ್ಚಾ ಹೊಲಿಗೆ. ಜೊತೆಯಲ್ಲಿ ಕಲಿಯುತ್ತಿದ್ದ ಮೇಷ್ಟ್ರಿಗೆ ಅದನ್ನೇ ಹೇಳಿದಳು. ಅವರು ಶಾಲೆಯಿಂದ ನಿವೃತ್ತರಾಗಿ, ಮನೆಯಲ್ಲಿ ಹೆಂಡತಿಯ ಕಾಲಿಗೆ ಅಡ್ಡ ಬರುತ್ತಾರೆಂದು ಬೈಸಿಕೊಂಡು ಇಲ್ಲಿಗೆ ಬಂದು ಸೇರಿದವರು. ಸ್ಪ್ಯಾನರನ್ನು ಸೀಮೆಸುಣ್ಣದಂತೆ ಹಿಡಿಯುತ್ತಿದ್ದರು. ಕಚ್ಚಾ ಹೊಲಿಗೆಯ ಮಾತು ಕೇಳಿ, ಹಾಗಾದರೆ ನನಗಿಂತ ಬೇಗ ಕಲಿಯುವುದು ನೀವೇ ಎಂದರು. ಕಲಿತಳು ಕೂಡ.

ಆ ಸಂಜೆ ಟೈಲರಮ್ಮನ ಕಾರಿನ ಮೇಲೇ ಪಾಠ. ಮುಂದಿನ ಎರಡು ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ನೋಡಿ, ದೂಳು ಒರೆಸಿ, ಮತ್ತೆ ಕೂರಿಸುವುದು. ಬಲಗಡೆಯದು ಮೇಷ್ಟ್ರಿಗೆ, ಎಡಗಡೆಯದು ಟೈಲರಮ್ಮನಿಗೆ. ಮುಗಿಯುವ ಹೊತ್ತಿಗೆ ಗಂಡ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಅಲ್ಲಿಗೇ ಬರುವುದು, ಅಲ್ಲಿಂದ ಹಾಗೆಯೇ ಪಕ್ಕದ ಊರಿಗೆ, ಅತ್ತೆಯ ತಂಗಿಯ ಮನೆಗೆ ಹೊರಡುವುದು ಎಂದು ಮಾತಾಗಿತ್ತು. ಅಲ್ಲಿ ಹೊಸದಾಗಿ ಹುಟ್ಟಿದ ಕೂಸನ್ನು ನೋಡಬೇಕಿತ್ತು. ಟೈಲರಮ್ಮ ಹೋಗುವಂತಿರಲಿಲ್ಲ. ಆಸ್ಪತ್ರೆಯ ನರ್ಸುಗಳ ಕೋಟುಗಳನ್ನು ಬೆಳಗಾಗುವುದರೊಳಗೆ ಕೊಡಬೇಕಿತ್ತು.

ಟೈಲರಮ್ಮ ಎಡಗಡೆಯ ಚಕ್ರ ಕೂರಿಸಿದಳು. ಒಂದರ ಎದುರಿಗೆ ಇನ್ನೊಂದು ಎಂದು ನಟ್ಟುಗಳನ್ನು ಕೈಬಿಗಿ ಮಾಡಿದಳು. ಜಾಕ್ ಇಳಿಸಿದಳು. ಟೈರಕ್ಕ ಆಚೆ ಬದಿಯಲ್ಲಿ ಮೇಷ್ಟ್ರ ಚಕ್ರ ಪೂರ್ತಿ ಬಿಗಿಯಾಗಿದೆಯೇ ಎಂದು ನೋಡುತ್ತಿದ್ದಳು. ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಂತು, ಅತ್ತೆಯ ದನಿ ಅವರಿಗಿಂತ ಮುಂಚೆ ಒಳಗೆ ಬಂತು: ಕತ್ತಲಾದ ಮೇಲೆ ಕೂಸಿನ ಮುಖ ನೋಡುವುದಕ್ಕೆ ದೀಪ ಹಿಡಿದುಕೊಂಡು ಹೋಗಬೇಕಾ ಅಂತ. ಟೈಲರಮ್ಮ ಗಡಿಬಿಡಿಯಲ್ಲಿ ನಟ್ಟುಗಳನ್ನು ಮುಚ್ಚುವ ವೀಲ್ ಕ್ಯಾಪ್ ಒತ್ತಿ ಕೂರಿಸಿ, ಕೈ ಒರೆಸಿಕೊಂಡು, ಬೀಗದ ಕೈ ಗಂಡನ ಕೈಗಿಟ್ಟಳು. ಅತ್ತೆ ಮಂಡಿನೋವಿನವರು, ಮುಂದೆಯೇ ಕೂತರು. ಮಗಳು ಹಿಂದಿನಿಂದ ಕೈ ಬೀಸಿದಳು. ಕಾರು ಗೇಟು ದಾಟಿತು. ಟೈಲರಮ್ಮನ ಮನಸ್ಸಿಗೆ ಒಂದು ಕೂದಲೆಳೆಯಷ್ಟೂ ಅನುಮಾನ ಬರಲಿಲ್ಲ. ಹೇಗೆ ಬರಬೇಕು? ಕಚ್ಚಾ ಹೊಲಿಗೆ ಹಾಕಿದ ಬಟ್ಟೆಯನ್ನು ಗೂಟಕ್ಕೆ ತೂಗುಹಾಕಿ ಮುಂದಿನದಕ್ಕೆ ಕೈ ಹಾಕುವುದು ಅವಳಿಗೆ ಇಷ್ಟು ವರ್ಷದ ರೂಢಿ. ಪಕ್ಕಾ ಹೊಲಿಗೆ ಯಾವತ್ತಿದ್ದರೂ ಆಮೇಲಿನ ಕೆಲಸ. ಕೈ ತನಗೆ ಗೊತ್ತಿದ್ದ ದಾರಿಯಲ್ಲೇ ನಡೆದಿತ್ತು. ಬಾಯಿಪಾಠವನ್ನು ಅರ್ಧಕ್ಕೇ ನಿಲ್ಲಿಸಿತ್ತು.

ತನ್ನ ಹೊಲಿಗೆ ಅಂಗಡಿಗೆ ಬಂದು, ದೀಪ ಹಾಕಿ, ದೇವರ ಪಟಕ್ಕೆ ಕೈ ಮುಗಿದು, ಗೂಟದ ಮೇಲಿನಿಂದ ಒಂದು ಕೋಟನ್ನು ಇಳಿಸಿಕೊಂಡಳು. ತೋಳಿಗೆ ಹಾಕಿದ್ದ ಕಚ್ಚಾ ಹೊಲಿಗೆ ಒಂದು ಕಡೆ ಸೊಟ್ಟಗಿತ್ತು. ಬಿಚ್ಚಿ ಇನ್ನೊಮ್ಮೆ ಹಾಕೋಣವೆಂದು ದಾರದ ತುದಿ ಹಿಡಿದು ಎಳೆದಳು. ಒಂದೇ ಎಳೆತ. ದಾರ ಸರ್ರನೆ ಪೂರ್ತಿ ಈಚೆ ಬಂತು, ತೋಳು ಕಳಚಿ ಮಡಿಲಿಗೆ ಬಿತ್ತು.

ಕೈ ಅಲ್ಲೇ ನಿಂತಿತು.

ಮೇಲಿದ್ದಾಗ ಕೈಬಿಗಿ. ಆಮೇಲೆ? ಆಮೇಲೆ ಅವಳು ಸ್ಪ್ಯಾನರ್ ಮುಟ್ಟಿದ್ದಳೇ? ಜಾಕ್ ಇಳಿಸಿದ್ದು ನೆನಪಿದೆ. ಕ್ಯಾಪ್ ಒತ್ತಿದ್ದು ನೆನಪಿದೆ. ಅವೆರಡರ ನಡುವೆ ಏನೂ ಇಲ್ಲ. ಎಷ್ಟು ತಡಕಿದರೂ ಇಲ್ಲ. ಕಾಲಿನ ಕೆಳಗಿನ ನೆಲವೇ ಕಚ್ಚಾ ಹೊಲಿಗೆಯ ಮೇಲೆ ನಿಂತಂತಾಯಿತು.

ಗಂಡನಿಗೆ ಫೋನು ಮಾಡಿದಳು. ಹೊಡೆದುಕೊಂಡೇ ಇತ್ತು. ಗಾಡಿ ಓಡಿಸುವಾಗ ಫೋನು ಮುಟ್ಟಬೇಡಿ ಎಂದು ಜಗಳವಾಡಿ ಅದರ ಬಾಯಿ ಮುಚ್ಚಿಸಿಟ್ಟವಳು ಅವಳೇ. ಇನ್ನೊಮ್ಮೆ ಮಾಡಿದಳು. ಇಲ್ಲ. ಉಳಿದದ್ದು ಅತ್ತೆಯ ಫೋನು. ಗಾಡಿ ಊರು ದಾಟಿ ಹೆದ್ದಾರಿ ಹಿಡಿದಿರುತ್ತದೆ ಈಗ. ಆ ಚಕ್ರ ಇರುವುದು ಅತ್ತೆಯ ಕಾಲ ಬುಡದಲ್ಲೇ. ಅವರ ಹಿಂದೆ ಮಗಳು.

ನಂಬರು ಒತ್ತುವಾಗ ಅವಳ ಮನಸ್ಸು, ಮನುಷ್ಯರ ಮನಸ್ಸು ತಾನೇ, ಒಂದು ಅಡ್ಡದಾರಿ ಹುಡುಕಿತು. ಹೊಟ್ಟೆನೋವು ಎಂದುಬಿಡಲೇ? ತಕ್ಷಣ ವಾಪಸ್ಸು ಬನ್ನಿ ಎಂದರೆ ಸಾಕು, ಬರುತ್ತಾರೆ. ಮನೆ ಮುಂದೆ ನಿಂತ ಗಾಡಿಗೆ ಯಾರೂ ನೋಡದಾಗ ನಟ್ಟು ಬಿಗಿಮಾಡಿದರೆ ಮುಗಿಯಿತು. ಕಾರಿಗೆ ಜೇಬು ಹೊಲಿದದ್ದಾಯಿತಾ ಎಂಬ ಮಾತನ್ನು ಸಾಯುವವರೆಗೆ ಕೇಳುವುದು ತಪ್ಪುತ್ತದೆ, ಸಂಜೆ ತರಗತಿಯೂ ಉಳಿಯುತ್ತದೆ. ಹಾಗೆಂದುಕೊಂಡ ಮರುಕ್ಷಣವೇ ಅದರ ಮುಂದಿನದು ಹೊಳೆಯಿತು. ಹೆಂಡತಿಗೆ ಹೊಟ್ಟೆನೋವು ಎಂದರೆ ಅವನು ನಿಧಾನವಾಗಿ ಬರುತ್ತಾನೆಯೇ? ಗಾಡಿಯನ್ನು ಗಕ್ಕನೆ ತಿರುಗಿಸಿ, ಎಂದೂ ಓಡಿಸದಷ್ಟು ಜೋರಾಗಿ ಓಡಿಸುತ್ತಾನೆ. ಅದೇ ಚಕ್ರದ ಮೇಲೆ. ಈ ಗಾಡಿಯನ್ನು ನಿಂತಲ್ಲೇ ನಿಲ್ಲಿಸುವ ಮಾತು ಒಂದೇ ಇತ್ತು. ಅದು ನಿಜವಾದ ಮಾತು.

ಆ ಕಡೆ ಅತ್ತೆ ಎತ್ತಿಕೊಂಡರು. ಯಾರದು ಎಂದರು, ಯಾರೆಂದು ಗೊತ್ತಿದ್ದರೂ ಕೇಳುವುದು ಅವರ ಪದ್ಧತಿ.

"ಅತ್ತೆ, ಗಾಡಿ ನಿಲ್ಸೋಕೆ ಹೇಳಿ. ನಿಧಾನಕ್ಕೆ, ಜೋರಾಗಿ ಬ್ರೇಕ್ ಹಾಕದೆ. ನಿಮ್ಮ ಕಡೆ ಮುಂದಿನ ಚಕ್ರ ನಾನು ಬಿಗಿ ಮಾಡಿಲ್ಲ. ಮರೆತುಬಿಟ್ಟೆ. ನನ್ನ ತಪ್ಪು."

ಏನಂದೆ ಎಂದು ಕೇಳುತ್ತಾರೆಂದು ಕಾದಳು. ಕೇಳಲಿಲ್ಲ. ಫೋನು ಬಾಯಿಂದ ದೂರ ಹೋದದ್ದು, ಅತ್ತೆಯ ದನಿ ಮಗನ ಕಡೆ ತಿರುಗಿದ್ದು ಕೇಳಿಸಿತು. "ಲೋ, ಪಕ್ಕಕ್ಕೆ ತಗೊಂಡು ನಿಲ್ಸು. ಮೆಲ್ಲಗೆ." ಇಲ್ಲಿ ನಿಲ್ಲಿಸುವುದಕ್ಕೆ ಆಗುವುದಿಲ್ಲಮ್ಮ, ಮುಂದೆ ಪೆಟ್ರೋಲ್ ಬಂಕ್ ಇದೆ, ಅಲ್ಲಿ ನೋಡೋಣ, ಏನಂತೆ ಎಂದು ಗಂಡ ರಾಗ ಎಳೆಯುತ್ತಿದ್ದ. "ಬಂಕ್ ಬೇಡ. ಇಲ್ಲೇ ನಿಲ್ಸು ಅಂದೆ." ಇಂಡಿಕೇಟರಿನ ಟಿಕ್ ಟಿಕ್ ಕೇಳಿತು. ಜಲ್ಲಿಯ ಮೇಲೆ ಟೈರು ಉರುಳಿದ ಸದ್ದು ಕೇಳಿತು. ಅದರ ಜೊತೆಗೆ ಇನ್ನೊಂದು ಸದ್ದು, ಡಬ್ಬಿಯೊಳಗೆ ಕಲ್ಲು ಅಲ್ಲಾಡಿದಂಥದ್ದು. ಆಮೇಲೆ ಎಲ್ಲ ನಿಂತಿತು.

"ನಿಂತಿದೀವಿ," ಎಂದರು ಅತ್ತೆ. "ಹುಡುಗಿನ ಇಳಿಸಿದೀನಿ. ನೀನು ಬಾ."

ಟೈಲರಮ್ಮ ಯಂತ್ರದ ಮೇಲೆ ತಲೆಯಿಟ್ಟು ಒಂದು ಉಸಿರು ಬಿಟ್ಟಳು. ಅಂಗಡಿಯ ಬಾಗಿಲೆಳೆದುಕೊಂಡು ಶೆಡ್ಡಿಗೆ ಓಡಿದಳು.

ಟೈರಕ್ಕ ಇನ್ನೂ ಶೆಡ್ಡಿನಲ್ಲೇ ಸಾಮಾನು ಜೋಡಿಸುತ್ತಿದ್ದಳು. ಓಡಿ ಬಂದವಳಿಂದ ನಡೆದದ್ದು ಕೇಳಿಕೊಂಡಳು. ಯಾವ ಚಕ್ರ ಎಂದಷ್ಟೇ ಕೇಳಿ, ಅಂಗಡಿಯ ವ್ಯಾನಿನ ಬಾಗಿಲು ತೆಗೆದಳು. ಹೆದ್ದಾರಿಯ ಅಂಚಿನಲ್ಲಿ ಸಂಜೆಬೆಳಕು ಇನ್ನೂ ಉಳಿದಿತ್ತು. ದೂರದಿಂದಲೇ ಕಂಡರು. ಕಾರು ಓರೆಯಾಗಿ ನಿಂತಿದೆ, ದೀಪಗಳು ಮಿನುಗುತ್ತಿವೆ. ಅತ್ತೆ ಮೋರಿಯ ಕಟ್ಟೆಯ ಮೇಲೆ ಮೊಮ್ಮಗಳನ್ನು ಪಕ್ಕಕ್ಕೆ ಒತ್ತಿಕೊಂಡು ಕೂತಿದ್ದಾರೆ. ಗಂಡ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮತ್ತದೇ ಬಾವಿ ನೋಡುವ ನೋಟ ನೋಡುತ್ತಿದ್ದಾನೆ.

ಟೈಲರಮ್ಮ ಮೊದಲು ಮಗಳನ್ನು ಅಪ್ಪಿಕೊಂಡಳು. ಮಗಳಿಗೆ ಇದೊಂದು ಮೋಜು, ತನ್ನ ಮೂಗು ಅಮ್ಮನ ಅಂಗಿಗೆ ಒತ್ತಿ ಗ್ರೀಸಿನ ವಾಸನೆ ಎಂದಳು. ಗಂಡ ಎದ್ದು ನಿಂತು, ಸ್ಟೇರಿಂಗು ಸ್ವಲ್ಪ ನಡುಗುತ್ತಿತ್ತು, ರಸ್ತೆ ಸರಿಯಿಲ್ಲ ಅಂದುಕೊಂಡೆ ಎಂದ. ರಸ್ತೆ ಕನ್ನಡಿಯ ಹಾಗಿತ್ತು.

ಕ್ಯಾಪ್ ತೆಗೆದಾಗ ಒಂದು ನಟ್ಟು ಟಣ್ಣನೆ ಅವಳ ಅಂಗೈಗೇ ಉದುರಿತು. ಪೂರ್ತಿ ಕಳಚಿ, ಕ್ಯಾಪಿನೊಳಗೆ ಸಿಕ್ಕಿಕೊಂಡು, ಇಷ್ಟು ಹೊತ್ತು ಅಲ್ಲೇ ಉರುಳಾಡುತ್ತಿತ್ತು. ಉಳಿದವು ಬೆರಳಿಗೇ ತಿರುಗುತ್ತಿದ್ದವು. ಅದನ್ನು ನೋಡಿದ ಗಂಡನ ಮುಖ ಸುಣ್ಣವಾಯಿತು. ಟೈರಕ್ಕ ಬಗ್ಗಿ ನೋಡಿ, ಬೋಲ್ಟುಗಳ ಮೇಲಿನ ತಿರುಪಿನ ಎಳೆ ಕೆಟ್ಟಿಲ್ಲ, ದೇವರು ದೊಡ್ಡವನು ಎಂದಳು. ಸ್ಪ್ಯಾನರನ್ನು ಮಾತ್ರ ತಾನು ಹಿಡಿಯಲಿಲ್ಲ. ಟೈಲರಮ್ಮನ ಕಡೆ ಚಾಚಿದಳು.

"ನೀನು ಶುರುಮಾಡಿದ ಕೆಲಸ. ಹೇಳ್ಕೊಂಡೇ ಮಾಡು."

ಟೈಲರಮ್ಮ ಜಾಕ್ ಕೊಟ್ಟು ಚಕ್ರವನ್ನು ಎತ್ತಿ, ನೆಟ್ಟಗೆ ಕೂರಿಸಿ, ಮೇಲಿದ್ದಾಗ ಕೈಬಿಗಿ ಎಂದು ಗಟ್ಟಿಯಾಗಿ ಹೇಳಿದಳು. ಮಗಳೂ ಹೇಳಿದಳು. ಜಾಕ್ ಇಳಿಸಿ, ಕೆಳಗಿಳಿದಾಗ ಮೈಬಿಗಿ ಎಂದು, ಸ್ಪ್ಯಾನರಿನ ಮೇಲೆ ತನ್ನ ಮೈಭಾರವನ್ನೆಲ್ಲ ಹಾಕಿದಳು. ಒಂದು, ಅದರ ಎದುರಿನದು, ಪಕ್ಕದ್ದು, ಅದರ ಎದುರಿನದು. ನಟ್ಟು ಇನ್ನು ತಿರುಗಲಾರೆ ಎಂದು ಕಿರ್ರೆಂದಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಬೆವರೆಂದುಕೊಂಡು ಒರೆಸಿಕೊಂಡಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅವಳಿಗೆ ಸಾವಿರ ವರ್ಷ ಬೇಕಿರಲಿಲ್ಲ; ಈ ಜನ ಹೀಗೇ ಈ ಕಟ್ಟೆಯ ಮೇಲೆ ಕೂತಿದ್ದರೆ ಸಾಕಿತ್ತು.

ಆಮೇಲೆ ಅವಳು ಅತ್ತೆಯ ಮುಂದೆ ಹೋಗಿ ನಿಂತಳು, ಬೈಗುಳಕ್ಕೆ ತಲೆಯೊಡ್ಡಿ. ಆದರೆ ಮೊದಲು ಮಾತಾಡಿದವನು ಗಂಡ. ಅವನಿಗೆ ಬೇರೊಂದು ಸಂಗತಿ ಅರ್ಥವಾಗಿರಲಿಲ್ಲ. ನಾನು ಹೇಳಿದರೆ ಒಂದು ಲೋಟ ನೀರು ಕುಡಿಯುವುದಕ್ಕೂ ನೂರು ಪ್ರಶ್ನೆ ಕೇಳುತ್ತೀಯ, ಇವಳು ಫೋನಿನಲ್ಲಿ ಒಂದು ಮಾತು ಹೇಳಿದ್ದಕ್ಕೆ ಹೇಗಮ್ಮ ಹಾಗೆ ನಂಬಿಬಿಟ್ಟೆ ಎಂದು ತಾಯಿಯನ್ನು ಕೇಳಿದ.

ಅತ್ತೆ ಮಂಡಿ ನೀವಿಕೊಂಡರು. "ಇವಳು ನಮ್ಮನೆಗೆ ಬಂದು ಎಷ್ಟು ವರ್ಷ ಆಯ್ತು. ನನ್ನ ಮುಂದೆ 'ನನ್ನ ತಪ್ಪು' ಅಂತ ಒಂದು ದಿನಾನೂ ಅಂದವಳಲ್ಲ. ಹಾಲು ಉಕ್ಕಿದ್ರೆ ಒಲೆದು ತಪ್ಪು, ಅನ್ನ ಸೀದ್ರೆ ಪಾತ್ರೆದು ತಪ್ಪು. ಅಂಥವಳು ಇವತ್ತು ಅಂದ್ಲು ಅಂದ್ರೆ ಚಕ್ರ ಆಗಲೇ ನಮಗಿಂತ ಮುಂದೆ ಹೋಗ್ತಾ ಇರಬೇಕು ಅಂದ್ಕೊಂಡೆ."

ಟೈರಕ್ಕ ಹೆದ್ದಾರಿಯೆಲ್ಲ ಕೇಳುವ ಹಾಗೆ ನಕ್ಕಳು. ಗಂಡ ನಗಲೋ ಬೇಡವೋ ಎಂದು ಹೆಂಡತಿಯ ಮುಖ ನೋಡಿದ. ಟೈಲರಮ್ಮನಿಗೆ ಮೊದಲು ಸಿಟ್ಟು ಬಂತು, ಪಾತ್ರೆಯ ತಳ ನಿಜವಾಗಿಯೂ ತೆಳ್ಳಗಿತ್ತು ಎನ್ನಬೇಕೆಂದಿದ್ದಳು. ಆಮೇಲೆ ಆ ಸಿಟ್ಟು ಎಲ್ಲಿಂದಲೋ ಜಾರಿ ನಗುವಾಯಿತು, ಹೊಟ್ಟೆ ಹಿಡಿದುಕೊಂಡು ಅತ್ತೆಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಅತ್ತೆ ಅವಳ ಗ್ರೀಸು ಮೆತ್ತಿದ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ಎಷ್ಟು ತಣ್ಣಗಿದೆ ನೋಡು ಎಂದು ಮೊಮ್ಮಗಳಿಗೆ ತೋರಿಸಿದರು. ಬಿಡಲಿಲ್ಲ.

ಇನ್ನು ಹೋಗುವುದೋ ಬಿಡುವುದೋ ಎಂದು ಗಂಡ ಬೀಗದ ಕೈಯನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಿಂತಿದ್ದ. ವ್ಯಾನಿನಲ್ಲೇ ಎಲ್ಲರೂ ವಾಪಸ್ಸು ಹೋಗೋಣ, ಕೂಸನ್ನು ಇನ್ನೊಂದು ದಿನ ನೋಡಿದರಾಯಿತು ಎಂದ. ಟೈಲರಮ್ಮ ಬೇಡವೆನ್ನಲಿಲ್ಲ. ಹೋಗಿ ಎನ್ನುವ ಧೈರ್ಯ ಅವಳಿಗೂ ಇರಲಿಲ್ಲ. ಅವರಿಬ್ಬರೂ ಹೀಗೆ ಮುಖ ಮುಖ ನೋಡಿಕೊಂಡಿರುವಾಗ ಅತ್ತೆ ಎದ್ದರು, ಕಾರಿನ ಬಾಗಿಲು ತೆಗೆದರು, ಅದೇ ಚಕ್ರದ ಮೇಲಿನ ಅದೇ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಮೊಮ್ಮಗಳಿಗೆ ಹತ್ತು ಎಂದರು. ಮಗನಿಗೆ ಹೇಳುವ ಅಗತ್ಯ ಬೀಳಲಿಲ್ಲ.

ಹೊಸದಾಗಿ ಕೂರಿಸಿದ ಚಕ್ರ ಸ್ವಲ್ಪ ದೂರ ಓಡಿದ ಮೇಲೆ ಇನ್ನೊಮ್ಮೆ ನಿಲ್ಲಿಸಿ ನಟ್ಟು ನೋಡಲೇಬೇಕು, ಇದು ಎಲ್ಲ ಗಾಡಿಗೂ ಇರುವ ನಿಯಮ ಎಂದು ಟೈರಕ್ಕ ಗಂಡನಿಗೆ ಹೇಳಿ, ತನ್ನ ಸ್ಪ್ಯಾನರನ್ನೇ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡ. ಕಾರು ಹೊರಟಿತು. ಟೈಲರಮ್ಮ ಕಣ್ಣು ಮುಚ್ಚಿ ನಿಂತು ಕೇಳಿದಳು. ಡಬ್ಬಿಯ ಕಲ್ಲಿಲ್ಲ, ನಡುಕವಿಲ್ಲ. ಟೈರು ರಸ್ತೆಯನ್ನು ಉಜ್ಜಿಕೊಂಡು ಹೋಗುವ ಒಂದೇ ಸಮನಾದ ಸದ್ದು. ದೂರ ದೂರವಾಗಿ, ಸಣ್ಣದಾಗಿ, ಕೊನೆಗೆ ಗಾಳಿಯೊಡನೆ ಸೇರಿಹೋಯಿತು.

ಅಂಗಡಿಗೆ ಬಂದು ಕೋಟನ್ನು ಮಡಿಲಿಗೆಳೆದುಕೊಂಡಳು. ಸೂಜಿಗೆ ದಾರ ಪೋಣಿಸಿದಳು. ಆದರೂ ಒಂದು ಕಣ್ಣು ಫೋನಿನ ಮೇಲೇ. ತೋಳಿನ ಅರ್ಧ ಸುತ್ತು ಹೊಲಿದಿದ್ದಳೋ ಇಲ್ಲವೋ, ಅದು ಹೊಡೆದುಕೊಂಡಿತು. ಅತ್ತೆ.

"ನಿಲ್ಸಿದೀವಿ, ಅವಳು ಹೇಳಿದ ಹಾಗೆ," ಎಂದರು. "ನಿನ್ನ ಗಂಡ ಸ್ಪ್ಯಾನರ್ ಹಿಡ್ಕೊಂಡು ನಿಂತಿದಾನೆ. ಯಾವ ಕಡೆ ತಿರುಗಿಸಬೇಕು ಅಂತ ಕೇಳು ಅಂತಿದಾನೆ."

"ಬಲಕ್ಕೆ ಅತ್ತೆ. ಬಲಕ್ಕೆ ತಿರುಗಿಸಿದ್ರೆ ಬಿಗಿ."

ಆ ಕಡೆ ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಅದನ್ನ ಇಲ್ಲಿ ಕೊಡು ಎಂದದ್ದು, ಅಮ್ಮ ನಿನಗೆ ಮಂಡಿನೋವು ಎಂದದ್ದು, ಮಂಡಿಯಲ್ಲೇನು ತಿರುಗಿಸ್ತೀನಾ ಎಂದದ್ದು. ಮಗಳು ದೊಡ್ಡ ದನಿಯಲ್ಲಿ ಬಾಯಿಪಾಠ ಹೇಳುತ್ತಿದ್ದಳು. ಯಾರೋ ತಿಣುಕಿದರು. ಟೈಲರಮ್ಮ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು, ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು.

ಅತ್ತೆ ಫೋನಿಗೆ ಮರಳಿದಾಗ ಏದುಸಿರು ಬಿಡುತ್ತಿದ್ದರು.

"ನಾನೇ ನೋಡ್ದೆ ಕಣೆ, ಎಲ್ಲಾನೂ. ಒಂದೂ ಜಗ್ಗಲಿಲ್ಲ."